ಸುಂಕಲಮ್ಮನ ಕಪ್ಪು ಬಿಳುಪು ಸಾವು

ಸಂತೇಬೆನ್ನೂರಿನ ಆಚೆಗಿರುವ ಮಹೇಶ್ವರಪ್ಪನವರ ತಗಡಿನ ಶೆಡ್ಡಿನಲ್ಲಿ ಅಡಿಕೆ ಸುಲಿಯುವ ಯಂತ್ರ ಶುರುವಾಯಿತೆಂದರೆ ಪಕ್ಕದಲ್ಲಿ ಕೂತವಳ ಮಾತು ಪಕ್ಕದವಳಿಗೆ ಕೇಳುತ್ತಿರಲಿಲ್ಲ. ಯಂತ್ರ ಒಂದು ಬಾಯಿಂದ ಹಸಿ ಅಡಿಕೆ ನುಂಗಿ ಇನ್ನೊಂದು ಬಾಯಿಂದ ಉಗುಳುತ್ತಿತ್ತು. ಉಗುಳಿದ್ದರಲ್ಲಿ ಅರ್ಧಂಬರ್ಧ ಸಿಪ್ಪೆ ಉಳಿಸಿಕೊಂಡವು ಇರುತ್ತಿದ್ದವಲ್ಲ, ಅವನ್ನು ಆರಿಸಿ, ಉಗುರಿನಿಂದ ಕಿತ್ತು ನುಣ್ಣಗೆ ಮಾಡುವುದು ಹೆಂಗಸರ ಕೆಲಸ. ಬೆಳಗಿನಿಂದ ಸಂಜೆಯತನಕ ಕಿತ್ತರೆ ಉಗುರ ಸಂದಿಗೆ ನಾರು ಹೊಕ್ಕು, ಮುದ್ದೆ ಮುರಿದು ಸಾರಿಗೆ ಅದ್ದುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಕೂರಲು ಗೋಣಿಚೀಲ. ಎಲ್ಲರಿಗೂ ಸೇರಿ ಒಂದೇ ಚೊಂಬು. ಒಂದಕ್ಕೆ ಹೋಗಬೇಕೆಂದರೆ ಮೇಸ್ತ್ರಿ ಮರುಳಪ್ಪನ ಮುಖ ನೋಡಬೇಕು. ಯಾರಾದರೂ ಬೆನ್ನು ನೆಟ್ಟಗೆ ಮಾಡಿಕೊಂಡರೆ ಅವನು ಯಂತ್ರದ ಕಡೆಗೆ ಗದ್ದ ಎತ್ತುತ್ತಿದ್ದ.

"ನೋಡಿ ಕಲೀರಿ. ಅದಕ್ಕೆ ಬೆನ್ನು ನೋಯಾಕಿಲ್ಲ."

ಅದು ಅವನ ತಮಾಷೆ. ದಿನಾ ಹೇಳುತ್ತಿದ್ದ. ದಿನಾ ತಾನೊಬ್ಬನೇ ನಗುತ್ತಿದ್ದ.

ಹೆಂಗಸರೆಲ್ಲ ಜಗಳೂರು ಕಡೆಯವರು. ಸುಗ್ಗಿ ಮುಗಿಯುವವರೆಗೂ ಶೆಡ್ಡಿನ ಹಿಂದೆ ಟಾರ್ಪಾಲು ಕಟ್ಟಿಕೊಂಡು ಇರುತ್ತಿದ್ದರು. ಅವರಲ್ಲಿ ಸುಂಕಲಮ್ಮನನ್ನು ದೂರದಿಂದಲೇ ಗುರುತಿಸಬಹುದಿತ್ತು. ಗಿಳಿಹಸಿರು ಸೀರೆಗೆ ಕಿತ್ತಳೆ ಕುಬುಸ, ಅಥವಾ ಕಿತ್ತಳೆ ಸೀರೆಗೆ ಗಿಳಿಹಸಿರು ಕುಬುಸ. ಹಣೆಯಲ್ಲಿ ಕಾಸಿನಗಲ ಕುಂಕುಮ. ಊರಲ್ಲಿ ಕುರಿ ಕಾಯುವ ಗಂಡ ಬೀರಲಿಂಗಪ್ಪ, "ನೀನು ಬೆದ್ಲು ಹೊಲದಾಗೆ ನಿಂತ್ರೆ ನನ್ನ ಕುರಿಗೆ ದಾರಿ ತಪ್ಪಾಕಿಲ್ಲ ಬಿಡು" ಅನ್ನುತ್ತಿದ್ದ. ಸುಂಕಲಮ್ಮ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು. ಹೊಗಳಿಕೆಯೇ ಆಗಿತ್ತು.

ಕಥೆಗಳಲ್ಲಿ ರಾಜಕುಮಾರ ಕುದುರೆಯ ಮೇಲೆ ಬರುತ್ತಾನೆ. ಮಹೇಶ್ವರಪ್ಪನವರ ಮಗ ವಿನಯ್ ಕುಮಾರ್ ಬಿಳಿ ಕಾರಿನಲ್ಲಿ ಬಂದ. ಕಥೆಗಳಲ್ಲಿ ರಾಕ್ಷಸನ ಪ್ರಾಣ ಗಿಳಿಯೊಳಗಿರುತ್ತದೆ. ವಿನಯ್ ಕುಮಾರನ ಪ್ರಾಣ ಕೊರಳಿಗೆ ನೇತುಹಾಕಿಕೊಂಡ ಕ್ಯಾಮೆರಾದಲ್ಲಿತ್ತು. ಹೀಗಾಗಿ ಬಂದವನು ರಾಜಕುಮಾರನೋ ರಾಕ್ಷಸನೋ ಎಂಬುದು ಶೆಡ್ಡಿನವರಿಗೆ ಮೊದಲ ದಿನ ಗೊತ್ತಾಗಲಿಲ್ಲ.

ಚನ್ನಗಿರಿಯಲ್ಲಿ ಅವನದೊಂದು ಸ್ಟುಡಿಯೋ ಇತ್ತು. ಮದುವೆ ಫೋಟೋಗಳಲ್ಲಿ ಅವನು ಹೆಣ್ಣಿನ ಕೆನ್ನೆಗೆ ಇಲ್ಲದ ಕೆಂಪನ್ನೂ ತುಂಬುತ್ತಿದ್ದ. ಬಡವರ ಫೋಟೋಗಳಲ್ಲಿ ಇರುವ ಬಣ್ಣವನ್ನೂ ತೆಗೆದುಹಾಕುತ್ತಿದ್ದ. ಮೊದಲನೆಯದನ್ನು ವ್ಯಾಪಾರ ಎಂದೂ ಎರಡನೆಯದನ್ನು ಕಲೆ ಎಂದೂ ಕರೆಯುತ್ತಿದ್ದ. ಈ ಸಲ ಎರಡೂ ಕೂಡಿಬಂದಿದ್ದವು. ಅವನಪ್ಪ ಅಡಿಕೆ ಮೂಟೆ ಮಾರಿ ಸಾಕಾಗಿ, ಸಿಹಿ ಅಡಿಕೆಯ ಪ್ಯಾಕೆಟ್ ಹೊರಡಿಸಲು ನಿಂತಿದ್ದರು. ಹೆಸರೂ ಇಟ್ಟಾಗಿತ್ತು: ಅವ್ವನ ಕೈ ಸುಪಾರಿ. ಈಗ ಒಬ್ಬ ಅವ್ವ ಬೇಕಾಗಿತ್ತು. ಒಂದು ಕೈ ಬೇಕಾಗಿತ್ತು. ಮನೆಯಲ್ಲಿ ಅವನ ಸ್ವಂತ ಅವ್ವ ಸರ್ವಮಂಗಳಮ್ಮನವರೇ ಇದ್ದರು. ಆದರೆ ಅವರ ಮುಖದಲ್ಲಿ ಕಷ್ಟ ಇರಲಿಲ್ಲ, ಕೈಯಲ್ಲಿ ನಾಲ್ಕು ಉಂಗುರ ಇದ್ದವು.

ವಿನಯ್ ಶೆಡ್ಡಿನಲ್ಲಿ ಎರಡು ಸುತ್ತು ಹಾಕಿ ಸುಂಕಲಮ್ಮನ ಮುಂದೆ ನಿಂತ.

"ಅಮ್ಮ, ನಿಮ್ಮ ಮುಖದಲ್ಲಿ ಎಷ್ಟು ಗೆರೆ ಇದಾವೆ!"

"ಬಿಸಿಲಾಗೆ ಒಣಗಿಸಿದ್ದು ಕಣಪ್ಪ, ಬಾಳಿಕೆ ಬರ್ತೈತೆ," ಎಂದಳು ಸುಂಕಲಮ್ಮ. ಹೆಂಗಸರು ನಕ್ಕರು.

"ಒಂದು ಫೋಟೋ ತೆಗೀಲಾ?"

ಸುಂಕಲಮ್ಮನಿಗೆ ಜೀವ ಅರಳಿತು. ಆಧಾರ್ ಕಾರ್ಡಿಗೆ ತೆಗೆದದ್ದು ಬಿಟ್ಟರೆ ಅವಳಿಗೊಂದು ಫೋಟೋ ಇರಲಿಲ್ಲ. ಆ ಆಧಾರ್ ಫೋಟೋದಲ್ಲಿ ಅವಳು ಕಳ್ಳತನಕ್ಕೆ ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು. ಓಡಿಹೋಗಿ ಮುಖ ತೊಳೆದು, ಕುಂಕುಮ ತಿದ್ದಿ, ಸಂತೆಯಲ್ಲಿ ಕೊಂಡ ಗುಲಾಬಿ ಬಣ್ಣದ ಸೀರೆ ಉಟ್ಟು ಬಂದಳು. ವಿನಯ್‌ನ ಮುಖ ಬಾಡಿತು.

"ಇದು ಬೇಡಮ್ಮ. ಹರಿದಿದ್ದು ಯಾವ್ದಾದ್ರೂ ಇಲ್ವಾ?"

"ಹರಿದಿದ್ದು ಯಾಕಪ್ಪ? ಫೋಟೋ ತೆಗೀತೀನಿ ಅಂದ್ಯಲ್ಲ?"

"ಇದು ಬ್ಲಾಕ್ ಅಂಡ್ ವೈಟ್ ಅಮ್ಮ. ಕಪ್ಪು ಬಿಳುಪು."

"ಕಪ್ಪು ಬಿಳುಪೇ ಮಾಡಾದಾದ್ರೆ ಗುಲಾಬಿ ಇದ್ರೇನು, ಹರಿದಿದ್ದಾದ್ರೇನು?"

"ಅದು ಟೋನ್ ಅಮ್ಮ. ನಿಮಗೆ ಗೊತ್ತಾಗಲ್ಲ."

ಪಕ್ಕದಲ್ಲಿದ್ದ ಲಕ್ಷ್ಮೀದೇವಿ, ನಾಲಿಗೆಗೆ ಲಗಾಮಿಲ್ಲದವಳು, "ಅಕ್ಕ, ಟೋನು ಅಂದ್ರೆ ಗೋಣಿಚೀಲ ಇರ್ಬೇಕು, ಸುತ್ಕಂಡು ಬಾ" ಎಂದಳು.

ಕೊನೆಗೆ ಮರುಳಪ್ಪನೇ ಯಂತ್ರ ಒರೆಸುವ ಹಳೆಯ ಸೀರೆ ಹುಡುಕಿ ತಂದ. ಅದರಲ್ಲಿ ಬೇಕಾದಷ್ಟು ಟೋನ್ ಇತ್ತು. ವಿನಯ್ ಅವಳ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಸಿದ. ಗಾಜಿನ ಬಳೆ ತೆಗೆಸಿದ. ಹಣೆಗೆ ನೀರು ಚಿಮುಕಿಸಿ ಬೆವರು ಮಾಡಿದ. ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿದ್ದ ಮೆಟ್ಟುಗತ್ತಿ ಇಳಿಸಿದರು. ಯಂತ್ರ ಬರುವ ಮೊದಲು ಹಲಗೆಯ ಮೇಲೆ ಕಾಲಿಟ್ಟು, ನಿಂತ ಕತ್ತಿಗೆ ಅಡಿಕೆ ಒತ್ತಿ ಸುಲಿಯುತ್ತಿದ್ದ ಸಾಮಾನು ಅದು. ಪ್ಯಾಕೆಟ್ಟಿನ ಮೇಲೆ ಕೈಯಲ್ಲಿ ಸುಲಿದ ಅಡಿಕೆ ಎಂದು ಬರೆಯಬೇಕಿತ್ತಲ್ಲ, ಅದಕ್ಕೆ. ಫೋಟೋ ಮುಗಿಯುವವರೆಗೂ ಯಂತ್ರ ನಿಲ್ಲಿಸಿದ್ದರು. ಹೆಂಗಸರಿಗೆ ಅದೊಂದೇ ಲಾಭ. ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡರು.

"ನಗ್ಲಾ?" ಕೇಳಿದಳು ಸುಂಕಲಮ್ಮ.

"ಅಯ್ಯೋ ಬೇಡ! ದೂರ ನೋಡಿ. ಏನೋ ಕಳ್ಕೊಂಡಿದೀರ, ಅದನ್ನ ನೆನೆಸ್ಕೊಳ್ಳಿ."

ಸುಂಕಲಮ್ಮ ತನ್ನ ಕುಂಕುಮದ ಡಬ್ಬಿ ಎಲ್ಲಿಟ್ಟೆ ಎಂದು ನೆನಪಿಸಿಕೊಳ್ಳತೊಡಗಿದಳು. ಕ್ಯಾಮೆರಾ ಚಟಚಟ ಸದ್ದು ಮಾಡಿತು. ವಿನಯ್ "ಸೂಪರ್, ಸೂಪರ್" ಎಂದು ನೆಲದಲ್ಲಿ ಹೊರಳಾಡಿ ತೆಗೆದ. ಆಮೇಲೆ ಕ್ಯಾಮೆರಾದ ಹಿಂದಿನ ಪುಟ್ಟ ಗಾಜಿನಲ್ಲಿ ತೋರಿಸಿದ.

"ಇದ್ಯಾರಪ್ಪ?"

"ನೀವೇ ಅಮ್ಮ."

ಸುಂಕಲಮ್ಮ ಬಹಳ ಹೊತ್ತು ನೋಡಿದಳು. ಬೂದಿ ಬಣ್ಣದ ಮುಖ. ಬೋಳು ಹಣೆ. "ನಮ್ಮತ್ತೆ ಹೋದಾಗ ಹಿಂಗೇ ಕಾಣ್ತಿದ್ಲು," ಎಂದಷ್ಟೇ ಹೇಳಿ ಹೋಗಿ ಗುಲಾಬಿ ಸೀರೆ ಉಟ್ಟುಕೊಂಡಳು.

ಆ ಫೋಟೋಗೆ ದಾವಣಗೆರೆಯ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂತು. ಬಹುಮಾನ ಕೊಟ್ಟವರು ಆ ಕಣ್ಣುಗಳಲ್ಲಿ ಇಡೀ ಗ್ರಾಮೀಣ ಭಾರತದ ನೋವಿದೆ ಎಂದರಂತೆ. ಕುಂಕುಮದ ಡಬ್ಬಿ ಆಮೇಲೆ ಟಾರ್ಪಾಲಿನ ಕೆಳಗೆ ಸಿಕ್ಕಿತು. ಆ ಸುದ್ದಿ ದಾವಣಗೆರೆಗೆ ಮುಟ್ಟಲಿಲ್ಲ. ಬಹುಮಾನದ ಹಿಂದೆಯೇ ಫ್ಲೆಕ್ಸುಗಳು ಎದ್ದವು. ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು, ಹೊನ್ನಾಳಿ ಸರ್ಕಲ್ಲಿನಲ್ಲಿ ಒಂದು, ನ್ಯಾಮತಿಯಲ್ಲಿ ಒಂದು. ಮನೆಯಷ್ಟು ದೊಡ್ಡ ಕಪ್ಪು ಬಿಳುಪು ಸುಂಕಲಮ್ಮ. ಕೆಳಗೆ ಎರಡು ಅಡಿಕೆ ಹೊಂಬಾಳೆ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸುಪಾರಿಯ ಹೆಸರು. ಅಕ್ಷರ ದೊಡ್ಡದಾದರೆ ಕಲೆ ಕೆಡುತ್ತದೆಂದು ವಿನಯ್ ಹಟ ಹಿಡಿದಿದ್ದ.

ವಿನಯ್ ಕುಮಾರ್ ಟೋನ್ ಬಲ್ಲವನು. ಆದರೆ ಫ್ಲೆಕ್ಸಿನ ವಿಷಯದಲ್ಲಿ ನಮ್ಮ ಕಡೆಯ ಜನಕ್ಕೆ ಇರುವ ನಂಬಿಕೆ ಅವನಿಗೆ ಗೊತ್ತಿರಲಿಲ್ಲ. ಹುಟ್ಟುಹಬ್ಬದ ಲೀಡರು, ಎಲೆಕ್ಷನ್ನಿಗೆ ನಿಂತವನು, ಅವನ ಹಿಂದೆ ಕೈಮುಗಿದ ನಲವತ್ತು ಮಂದಿ, ಇವರೆಲ್ಲ ಬಣ್ಣದಲ್ಲಿರುತ್ತಾರೆ. ಒಂಟಿ ಮುಖ, ಕಪ್ಪು ಬಿಳುಪು, ಕೆಳಗೆ ಹೂವೋ ಹೊಂಬಾಳೆಯೋ ಇದ್ದರೆ ಅದು ಒಂದೇ ಒಂದು ಸುದ್ದಿ. ಅದಕ್ಕೆ ಅಕ್ಷರ ಓದಬೇಕಾಗಿಲ್ಲ. ಓದು ಬಂದವರೂ ಓದುವುದಿಲ್ಲ. ಚಪ್ಪಲಿ ಬಿಟ್ಟು ಕೈಮುಗಿದು, "ಪಾಪ, ಯಾರ ಮನೇದೋ ಹೆಣ್ಣುಜೀವ" ಎಂದು ಮುಂದೆ ಹೋಗುತ್ತಾರೆ.

ಸುಂಕಲಮ್ಮನ ತಂಗಿ ಓಬವ್ವನನ್ನು ನ್ಯಾಮತಿಗೆ ಕೊಟ್ಟಿತ್ತು. ಸಂತೆಗೆಂದು ಬಂದ ಓಬವ್ವ ಅಲ್ಲಿನ ಫ್ಲೆಕ್ಸಿನತ್ತ ತಲೆಯೆತ್ತಿ ನೋಡಿದಳು, ಬುಟ್ಟಿ ಅಲ್ಲೇ ಬಿತ್ತು.

ಮಾರನೆಯ ಬೆಳಿಗ್ಗೆ ಶೆಡ್ಡಿನ ದಾರಿಯ ತುದಿಯಿಂದಲೇ ಒಂದು ಗೋಳು ಕೇಳಿತು. ಸಾವಿನ ಮನೆಗೆ ಬರುವವರು ಊರ ಬಾಗಿಲಿಂದಲೇ ಹಾಡಿಕೊಂಡು ಅಳುತ್ತಾ ಬರಬೇಕು. ಓಬವ್ವ ಅದರಲ್ಲಿ ಒಂದಿಷ್ಟೂ ಕಡಿಮೆ ಮಾಡಿರಲಿಲ್ಲ. ಯಂತ್ರದ ಸದ್ದನ್ನೂ ಮೀರಿ ಬಂತು ಅವಳ ದನಿ.

"ನನ್ನಕ್ಕಯ್ಯ, ಹೇಳದೆ ಹೋದ್ಯಲ್ಲೇ! ತವರಿನ ಬಾಗ್ಲು ಮುಚ್ಚಿಕಂಡು ಹೋದ್ಯಲ್ಲೇ!"

ಸುಂಕಲಮ್ಮ ಎದ್ದು ನಿಂತಳು. "ಏ ಓಬಿ, ಯಾರು ಹೋದ್ರೇ?"

ಓಬವ್ವ ಅವಳನ್ನು ನೋಡಿ ಇನ್ನೂ ಜೋರಾಗಿ ಕಿರುಚಿದಳು. ಲಕ್ಷ್ಮೀದೇವಿ ಅವಳ ಮುಖಕ್ಕೆ ನೀರು ಹಾಕಿ, ಸುಂಕಲಮ್ಮನ ಕೈ ಹಿಡಿಸಿ, ಕಾಲು ನೆಲಕ್ಕೆ ಮುಟ್ಟಿರುವುದನ್ನು ತೋರಿಸಿದ ಮೇಲೆಯೇ ಅಳು ನಿಂತಿತು. ನಿಂತ ಕೂಡಲೇ ಸಿಟ್ಟು ಬಂತು.

"ಥೂ ನಿನ್ನ, ಬದುಕಿದ್ದೂ ಫ್ಲೆಕ್ಸ್ ಹಾಕಿಸ್ಕಂಡಿದೀಯಲ್ಲ! ಸೀರೆ ಬೇರೆ ತಂದೆ!"

ಕೈಚೀಲದಿಂದ ಸೀರೆ ತೆಗೆದಳು. ಸತ್ತ ಹೆಣ್ಣಿಗೆ ತವರಿನ ಕಡೆಯವರು ಹೊದಿಸುವ ಹೊಸ ಸೀರೆ. ಕಡುಹಸಿರು, ಕೆಂಪು ಅಂಚು.

"ಚಂದ ಐತಲ್ಲೇ," ಎಂದಳು ಸುಂಕಲಮ್ಮ. "ಬದುಕಿದ್ದಾಗ ಒಂದ್ಸಲನೂ ಇಂಥದ್ದು ತರ್ಲಿಲ್ಲ ನೀನು."

ಅಷ್ಟರಲ್ಲಿ ಅವಳ ಮೊಬೈಲು ಬಡಿದುಕೊಂಡಿತು. ಓಬವ್ವನ ಮನೆಯವರು ಜಗಳೂರಿನ ಕಡೆಗೆ ಆಗಲೇ ಸುದ್ದಿ ಮುಟ್ಟಿಸಿದ್ದರು. ಬೀರಲಿಂಗಪ್ಪ ಗಾಬರಿಯಲ್ಲಿ ಹೆಂಡತಿಯ ನಂಬರಿಗೇ ಫೋನ್ ಮಾಡಿದ್ದ.

"ಹಲೋ, ಯಾರ್ರಿ? ಹೆಣ ಎಷ್ಟೊತ್ತಿಗೆ ತರ್ತೀರಿ? ನಾನಿಲ್ಲಿ ಗುಣಿ ತೋಡಿಸ್ತಾ ಇದೀನಿ."

"ನಾನೇ, ಸುಂಕ್ಲಿ."

ಅತ್ತ ಕಡೆ ಕುರಿಗಳು ಅರಚಿಕೊಂಡವು.

"ಎಲ್ಲಿಂದ ಮಾತಾಡ್ತಿದೀಯೇ?"

"ಸ್ವರ್ಗದಿಂದ. ಇಲ್ಲೂ ಅಡಿಕೆ ಆರ್ಸಾದೇ ಕೆಲ್ಸ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಸುಂಕಲಮ್ಮನೂ ನಗುತ್ತಿದ್ದಳು. ಆದರೆ ಅತ್ತ ಕಡೆಯಿಂದ ನಗು ಬರಲಿಲ್ಲ. ಬೀರಲಿಂಗಪ್ಪ ಅಳುತ್ತಿದ್ದ. ಗಂಡಸು ಅಷ್ಟು ದೊಡ್ಡದಾಗಿ ಅತ್ತದ್ದನ್ನು ಅವಳು ಕೇಳಿಯೇ ಇರಲಿಲ್ಲ. ಅವಳು ಮೊಬೈಲನ್ನು ಕಿವಿಯಿಂದ ಇಳಿಸಿದಳು.

"ಯಾರು ಹಾಕಿದ್ದು ಅದನ್ನ?" ಎಂದು ಕೇಳಿದಳು ಓಬವ್ವನನ್ನು. ಮರುಳಪ್ಪ ಆಗಲೇ ಯಂತ್ರದ ಆಚೆಗೆ ಸರಿದಿದ್ದ.

ಮಧ್ಯಾಹ್ನ ಅಪ್ಪ ಮಗ ಶೆಡ್ಡಿಗೆ ಬಂದಾಗ ಸುಂಕಲಮ್ಮ ದಾರಿಗೆ ಅಡ್ಡ ನಿಂತಳು.

"ಸಾವ್ಕಾರ್ರೆ, ನನ್ನ ಫೋಟೋ ಇಳಿಸ್ಬೇಕು. ಮೂರೂ ಕಡೇದು."

ಮಹೇಶ್ವರಪ್ಪನವರು ಒಳ್ಳೆಯವರು. ಕೂಲಿಯವರ ಮಾತನ್ನು ಪೂರ್ತಿ ಕೇಳಿದ ಮೇಲೆಯೇ ಇಲ್ಲ ಎನ್ನುತ್ತಿದ್ದರು. "ಯಾಕಮ್ಮ? ಮೂರು ಊರಲ್ಲಿ ನಿನ್ನ ಮುಖ ಐತೆ. ನನ್ನದೇ ಇಲ್ಲ. ಸಂತೋಷ ಪಡಬೇಕು ನೀನು."

"ನನ್ನ ಗಂಡ ಗುಣಿ ತೋಡಿಸ್ತಾ ಅವನೆ."

"ಮುಚ್ಚಿಸಾಕೆ ಹೇಳು."

"ಗುಣಿ ಮುಚ್ಚುತ್ತೆ ಸಾವ್ಕಾರ್ರೆ. ಜನದ ಬಾಯಿ? ನಾಳೆ ಊರಿಗೆ ಹೋದ್ರೆ ಮಕ್ಕಳು ನೋಡಿ ಹೆದರಿ ಓಡ್ತಾವೆ. ನಮ್ಮನ್ನ ಕೇಳ್ದೆ ನಮ್ಮ ಮುಖ ಮಾರಾಕೆ ಅದೇನು ನೀವು ತೋಟದಾಗೆ ಬೆಳೆದಿದ್ದಾ?"

ವಿನಯ್ ಮೆಲ್ಲಗೆ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದ. "ಅಮ್ಮ, ಅದು ನೀವಲ್ಲ. ಅದು ಶ್ರಮದ ಪ್ರತೀಕ."

"ಆ ಪ್ರತೀಕಕ್ಕೆ ತಂಗಿ ಇಲ್ಲಪ್ಪ. ನನಗೆ ಅವಳೆ. ಅಳ್ತಾ ಬಂದವಳೆ, ನೋಡು ಅಲ್ಲಿ."

ಮಹೇಶ್ವರಪ್ಪನವರು ಗಡಿಯಾರ ನೋಡಿಕೊಂಡರು. "ನಾಳೆ ಚನ್ನಗಿರಿಯಲ್ಲಿ ಸುಪಾರಿ ಬಿಡುಗಡೆ. ಈಗ ಇಳಿಸಾಕೆ ಆಗಲ್ಲ. ಇನ್ನೊಂದು ಮಾತು. ಶಿವಮೊಗ್ಗದಲ್ಲಿ ಹೊಸ ಮಿಷನ್ ಬಂದೈತೆ. ಅರ್ಧಂಬರ್ಧ ಸುಲಿಯೋದೇ ಇಲ್ವಂತೆ ಅದು. ಆರಿಸೋರು ಬೇಕಾಗಲ್ಲ. ನಾನೇ, ಪಾಪ, ಹೆಣ್ಣುಮಕ್ಕಳು ಅಂತ ಬಿಟ್ಟಿದೀನಿ."

ಹೆಂಗಸರೆಲ್ಲ ತಲೆ ತಗ್ಗಿಸಿ ಅಡಿಕೆಗೆ ಕೈ ಹಾಕಿದರು. ಕಾರು ಹೋಯಿತು. ಸುಂಕಲಮ್ಮ ಬಹಳ ಹೊತ್ತು ದಾರಿಯಲ್ಲೇ ನಿಂತಿದ್ದಳು. ಎಲ್ಲರ ಅನ್ನಕ್ಕೆ ತನ್ನ ಮುಖ ಅಡ್ಡ ಬರುವುದಾದರೆ ಹೋಗಲಿ ಬಿಡು ಎನ್ನಿಸಿತು. ಬಂದು ಗೋಣಿಚೀಲದ ಮೇಲೆ ಕೂತಳು. ಹಾಗೆ ಹೇಳಿಯೂ ಬಿಟ್ಟಳು.

ಲಕ್ಷ್ಮೀದೇವಿ ಕೈಯಲ್ಲಿದ್ದ ಅಡಿಕೆ ಎಸೆದಳು. "ಏನು ಬಿಡೋದು? ಇವತ್ತು ನಿನ್ನ ಹಣೆ ಒರೆಸಿದ್ರು. ನಾಳೆ ನನ್ನದು. ನಾವು ಸಾಯೋ ಹಂಗೆ ಕಂಡ್ರೆ ಮಾತ್ರ ಇವರ ಮಾಲು ಖರ್ಚಾಗ್ತೈತೆ ಅಂದ್ರೆ, ಬದುಕಿರೋದು ಯಾಕೆ ಕಂಡೀತು ಇವರಿಗೆ?"

ಓಬವ್ವ ಮೂಗು ಒರೆಸಿಕೊಂಡು ಹೇಳಿದಳು. "ನನಗೆ ಒಂದು ಅರ್ಥ ಆಗಾಕಿಲ್ಲ. ಫ್ಲೆಕ್ಸ್ ಹಾಕಿದ ಮೇಲೆ ಅಳಾಕೆ ಜನ ಬ್ಯಾಡ್ವಾ? ನಾನು ಒಬ್ಳೇ ಅಳೋದಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಒಬ್ಬಳು ನಕ್ಕಳು. ಆಮೇಲೆ ಇನ್ನೊಬ್ಬಳು. ಸುಂಕಲಮ್ಮ ಎಲ್ಲರಿಗಿಂತ ಕೊನೆಗೆ ನಕ್ಕಳು.

ಮರುದಿನ ಯಂತ್ರ ಶುರುವಾದಾಗ ಶೆಡ್ಡಿನಲ್ಲಿ ಮರುಳಪ್ಪ ಒಬ್ಬನೇ ಇದ್ದ. ಅದು ತನ್ನ ಪಾಡಿಗೆ ಅರ್ಧಂಬರ್ಧ ಉಗುಳುತ್ತಾ ಹೋಯಿತು. ಆರಿಸಿಕೊಳ್ಳಲು ಅದಕ್ಕೆ ಕೈ ಇರಲಿಲ್ಲ. ಹೆಂಗಸರು ಬಸ್ಸಿನಲ್ಲಿದ್ದರು. ಆಧಾರ್ ಕಾರ್ಡು ನೋಡಿ ಫ್ರೀ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು ಹಸಿರು ಸೀರೆಯ ಸುಂಕಲಮ್ಮನನ್ನು ಕಂಡು ಗಕ್ಕನೆ ನಿಂತ.

"ಅಮ್ಮಾ, ನೀವು ಫ್ಲೆಕ್ಸಿನಲ್ಲಿ..."

"ಹೂಂ ಕಣಪ್ಪ. ಸತ್ತೋರಿಗೂ ಫ್ರೀ ಐತಾ?"

ಅವನು ಟಿಕೆಟ್ ಕೊಟ್ಟು ಎರಡು ಸೀಟು ಹಿಂದಕ್ಕೆ ಹೋದ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರಿಗೆ ಶಾಮಿಯಾನ ಹಾಕಿತ್ತು. ಮೈಕು, ಕುರ್ಚಿ, ತಾಲೂಕಿನ ದೊಡ್ಡವರು. ಮೇಲೆ ಮನೆಯಷ್ಟು ದೊಡ್ಡ ಕಪ್ಪು ಬಿಳುಪು ಸುಂಕಲಮ್ಮ ಏನನ್ನೋ ಕಳೆದುಕೊಂಡು ದೂರ ನೋಡುತ್ತಿದ್ದಳು. ಕೆಳಗೆ ಬಂದವರ ಕೈಗೆಲ್ಲ ಅದೇ ಮುಖ ಅಚ್ಚಾದ ಒಂದೊಂದು ಪ್ಯಾಕೆಟ್ ಕೊಡುತ್ತಿದ್ದರು. ಮಹೇಶ್ವರಪ್ಪನವರು ಮೈಕಿನ ಮುಂದೆ ನಿಂತು, "ನಮ್ಮ ತಾಯಂದಿರ ಕೈರುಚಿ" ಎನ್ನುತ್ತಿದ್ದಂತೆ ಹಿಂದಿನಿಂದ ಓಬವ್ವನ ದನಿ ಎದ್ದಿತು.

ಹೆಂಗಸರು ಸಾಲಾಗಿ ಬಂದು ಫ್ಲೆಕ್ಸಿನ ಬುಡದಲ್ಲಿ ಕೂತು ಎದೆ ಬಡಿದುಕೊಂಡರು. ಲಕ್ಷ್ಮೀದೇವಿ ಹಾಡಿ ಅಳತೊಡಗಿದಳು.

"ಎದ್ದು ಬಾರೇ ನಮ್ಮಕ್ಕ, ಪ್ಯಾಕೀಟು ಹರಕಂಡು ಬಾರೇ!
ಹಣೆಯ ಕುಂಕುಮ ಒರೆಸಿ ಕುಂಡ್ರಿಸ್ಯಾರೆ, ಗಂಡ ಅವನೆ ಅಂತ ಹೇಳ್ ಬಾರೇ!
ಮಿಷನು ಸುಲಿದ ಅಡಿಕೆಗೆ ನಿನ್ನ ಕೈ ಹೆಸರ ಇಟ್ಟಾರೆ!
ನಮ್ಮನ್ನ ಸುಲಿದೋರು ಯಾರಂತ ಕೇಳಿ ಬಾರೇ!"

ಉಳಿದವರು ಒಂದೊಂದು ಸಾಲಿನ ಕೊನೆಗೂ "ಅಯ್ಯಯ್ಯೋ ನಮ್ಮಕ್ಕಾ" ಎಂದು ದನಿಗೂಡಿಸಿದರು. ಬಸ್ಸಿಗೆ ಕಾದವರೆಲ್ಲ ಓಡಿ ಬಂದರು. ಸಾವಿನ ಹಾಡು ಕಿವಿಗೆ ಬಿದ್ದದ್ದೇ, ಬಾಯಿಗೆ ಸುಪಾರಿ ಹಾಕಿಕೊಂಡಿದ್ದವರ ದವಡೆ ನಿಂತಿತು. ಒಬ್ಬ ಪ್ಯಾಕೆಟ್ ನೋಡಿದ, ಫ್ಲೆಕ್ಸ್ ನೋಡಿದ, ಪಕ್ಕಕ್ಕೆ ಹೋಗಿ ಉಗಿದ. ನೋಡುನೋಡುತ್ತಿದ್ದಂತೆ ಎಲ್ಲ ಕಡೆ ಉಗಿಯುವ ಸದ್ದು. ಬೀಡಾ ಅಂಗಡಿಯ ಜಂಪಣ್ಣ ತೂಗುಹಾಕಿದ್ದ ಪ್ಯಾಕೆಟ್ಟಿನ ಸರಗಳನ್ನು ಕಿತ್ತು ತಂದು ವೇದಿಕೆಯ ಮೇಲಿಟ್ಟ.

"ತಗಳ್ರಿ ಸಾವ್ಕಾರ್ರೆ. ತಿಥಿ ಅಡಿಕೆ ನನ್ನ ಅಂಗಡೀಲಿ ನಡೆಯಾಕಿಲ್ಲ."

"ಅಯ್ಯೋ ಅವಳು ಸತ್ತಿಲ್ಲ ಕಣ್ರೋ!" ಎಂದು ಮೈಕಿನಲ್ಲೇ ಕೂಗಿದರು ಮಹೇಶ್ವರಪ್ಪ. ತಾಲೂಕಿಗೆಲ್ಲ ಕೇಳಿತು, ಯಾರೂ ನಂಬಲಿಲ್ಲ. ವೇದಿಕೆಯಿಂದ ಇಳಿದು ಓಡಿಬಂದರು. ಫ್ಲೆಕ್ಸಿನ ಕೆಳಗೆ, ಹೆಂಗಸರ ನಡುವೆ, ತಂಗಿ ತಂದ ಸೀರೆ ಉಟ್ಟು ಸುಂಕಲಮ್ಮ ಕಣ್ಣು ಮುಚ್ಚಿ ಅಂಗಾತ ಮಲಗಿದ್ದಳು.

"ಏಳಮ್ಮ! ಎದ್ದು ಜನಕ್ಕೆ ಹೇಳು, ಬದುಕಿದೀನಿ ಅಂತ!"

"ಫೋಟೋ ಇಳಿಸ್ರಿ," ಎಂದಿತು ಹೆಣ.

"ಕಾರ್ಯಕ್ರಮ ಮುಗೀಲಿ..."

"ಅಯ್ಯಯ್ಯೋ ನಮ್ಮಕ್ಕಾ," ಎಂದರು ಹೆಂಗಸರು.

"ಮಿಷನ್ ತರಿಸ್ತೀನಿ ನೋಡು! ಒಬ್ಬರಿಗೂ ಕೆಲಸ ಇರಲ್ಲ!"

"ತರಿಸ್ರಿ," ಎಂದಳು ಲಕ್ಷ್ಮೀದೇವಿ. "ಪ್ಯಾಕೀಟಿನ ಮೇಲೂ ಅದರದ್ದೇ ಫೋಟೋ ಹಾಕ್ರಿ. ಮಿಷನ್ನಿನ ಕೈ ಸುಪಾರಿ."

ಜನ ಗೊಳ್ಳೆಂದರು. ವೇದಿಕೆಯ ಮೇಲಿದ್ದ ದೊಡ್ಡವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ಮಹೇಶ್ವರಪ್ಪನವರು ಕೈ ಬೀಸಿದರು. ಏಣಿ ಬಂತು. ಫ್ಲೆಕ್ಸಿನ ಒಂದು ಮೂಲೆ ಕಳಚಿ, ದೊಡ್ಡ ಬೂದಿ ಮುಖ ಮಡಚಿಕೊಳ್ಳುತ್ತಾ ಇಳಿಯಿತು.

ಆಗ ವಿನಯ್ ಬಂದ. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಕುಸಿಯುತ್ತಿರುವ ಫ್ಲೆಕ್ಸು, ಕೆಳಗೆ ಎದೆ ಬಡಿದುಕೊಳ್ಳುವ ಹೆಂಗಸರು, ನಡುವೆ ಮಲಗಿದ ಮುದುಕಿ. ಇಂಥ ಚಿತ್ರ ಜನ್ಮಕ್ಕೊಂದು ಸಿಗುತ್ತದೆ. "ಪಪ್ಪಾ, ಸ್ವಲ್ಪ ಆಚೆ ಹೋಗಿ, ಫ್ರೇಮಲ್ಲಿ ಬರ್ತಿದೀರ," ಎಂದು ಅಪ್ಪನನ್ನೇ ಪಕ್ಕಕ್ಕೆ ತಳ್ಳಿ ಮಂಡಿಯೂರಿ ಕ್ಯಾಮೆರಾ ಎತ್ತಿದ.

ಲಕ್ಷ್ಮೀದೇವಿ ಎದ್ದು ಅವನಿಗೆ ಬೆನ್ನು ತಿರುಗಿಸಿ ನಿಂತಳು. ಓಬವ್ವ ಪಕ್ಕದಲ್ಲಿ ನಿಂತಳು. ಒಬ್ಬೊಬ್ಬರೇ ಎದ್ದು ಸುಂಕಲಮ್ಮನ ಸುತ್ತ ಗೋಡೆ ಕಟ್ಟಿದರು. ಹಳದಿ, ಕಿತ್ತಳೆ, ನೇರಳೆ, ಗುಲಾಬಿ ಸೀರೆಗಳ ಗೋಡೆ. ವಿನಯ್ ಎಡಕ್ಕೆ ಬಂದ, ಗೋಡೆ ಎಡಕ್ಕೆ ಬಂತು. ಬಲಕ್ಕೆ ಹೋದ, ಬಲಕ್ಕೂ ಬಂತು. ಅವನ ಪುಟ್ಟ ಗಾಜಿನಲ್ಲಿ ಬೆನ್ನುಗಳು ಬಿಟ್ಟರೆ ಏನೂ ಇರಲಿಲ್ಲ.

"ಅಮ್ಮ, ಒಂದೇ ಒಂದು ತೆಗೀತೀನಿ, ದಯವಿಟ್ಟು," ಎಂದ. ಇಷ್ಟು ವರ್ಷದಲ್ಲಿ ಅವನು ಯಾರನ್ನಾದರೂ ಬೇಡಿಕೊಂಡು ಒಪ್ಪಿಗೆಗೆ ಕಾದದ್ದು ಅದೇ ಮೊದಲು.

"ಇಲ್ಲ," ಎಂದಿತು ಗೋಡೆ.

ಆಚೆ ಬದಿಯಲ್ಲಿ ಮಹೇಶ್ವರಪ್ಪನವರು ಬೆವರು ಒರೆಸಿಕೊಳ್ಳುತ್ತಿದ್ದರು. ಅದು ನೀರು ಚಿಮುಕಿಸಿ ಮಾಡಿದ ಬೆವರಲ್ಲ. "ಇಳಿಸಾಯ್ತಲ್ಲಮ್ಮ, ಇನ್ನಾದರೂ ಏಳು."

"ಇದು ಚನ್ನಗಿರಿದು. ಉಳಿದಿದ್ದು?"

"ನಾಳೆ ಇಳಿಸ್ತೀನಿ, ದೇವರಾಣೆ."

"ಹಂಗಾರೆ ನಾನೂ ನಾಳೇನೇ ಏಳ್ತೀನಿ. ಅಳ್ರೇ."

ಗೋಳು ಮತ್ತೆ ಎದ್ದಿತು. ಮೈಕಿನವನು ಮೈಕು ಆರಿಸುವುದನ್ನು ಮರೆತಿದ್ದ. ಬಸ್ ಸ್ಟ್ಯಾಂಡಿನ ಆಚೆಯ ಓಣಿಗಳಿಂದಲೂ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾ ಬರತೊಡಗಿದರು. ಬಂದವರು ಯಾರು ಸತ್ತದ್ದು ಎಂದು ಕೇಳಿದರು; ತಿಳಿದುಕೊಂಡು, ನಕ್ಕು, ಕೂತು ತಾವೂ ಅತ್ತರು. ಮಹೇಶ್ವರಪ್ಪನವರು ಫ್ಲೆಕ್ಸ್ ಕಟ್ಟಿದ ಹುಡುಗನಿಗೆ ಫೋನ್ ಒತ್ತಿದರು.

"ಲೋ ಓಂಕಾರ್, ಹೊನ್ನಾಳಿ ಸರ್ಕಲ್ಲಿಗೆ ಹೋಗು. ಏಣಿ ತಗಂಡು ಹೋಗು. ಹೂಂ, ಈಗಲೇ. ಬಿಚ್ಚೋಕೆ ಆಗ್ದಿದ್ರೆ ಹರಿದು ಹಾಕು."

ಸೀರೆಗಳ ಸಂದಿಯಲ್ಲಿ ಹೆಣ ಒಂದು ಕಣ್ಣು ತೆರೆಯಿತು.

"ನ್ಯಾಮತಿದೂ ಹೇಳ್ರಿ," ಎಂದಿತು.